ಕೋವಿಯ ಬೆಲೆಯೂ ಕೋವಿಯ ಮರ್ಯಾದೆಯೂ

ತನ್ನ ಮನೆಯಲ್ಲಿ ಒಂದು ಕೋವಿಯಿದೆ ಎಂಬ ಸಂಗತಿಯನ್ನು ಮನುಷ್ಯನೊಬ್ಬನು ಹೆಮ್ಮೆಯಿಂದ ಹೇಳಿಕೊಳ್ಳಬಹುದೇ? ಹೊರನಾಡಿನ ನಮ್ಮ ಸಂಘಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಬಯಲುಸೀಮೆಯ ಮಿತ್ರರು ಇದನ್ನು ಕಾಡುಕಾಲದ ಹುಂಬತನವೆಂದು ನಕ್ಕುಬಿಡುತ್ತಾರೆ. ಕೊಡಗಿನ ಮಿತ್ರರು ಮುಖ ಬಿಗಿದುಕೊಂಡು, ಇದು ನಿಮಗೆ ಅರ್ಥವಾಗುವ ವಿಷಯವಲ್ಲ ಎಂದು ಮಾತು ಮುಗಿಸುತ್ತಾರೆ. ನಗುವವರಾಗಲಿ ಬಿಗಿದುಕೊಳ್ಳುವವರಾಗಲಿ ಈ ಹೆಮ್ಮೆಯ ಸ್ವರೂಪವನ್ನು ಬಿಡಿಸಿ ನೋಡುವ ಗೋಜಿಗೆ ಹೋಗಿಲ್ಲವೆಂಬುದು ನನ್ನ ಭಾವನೆ.

ಮೊದಲು ಬೆಲೆಯ ಮಾತು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜುಕಟ್ಟೆಯಲ್ಲಿ ಟಿಪ್ಪು ಸುಲ್ತಾನನ ಕಾಲದ ಆಯುಧಗಳು ಮಾರಾಟಕ್ಕೆ ಬಂದಾಗ, ಖಡ್ಗ, ಬಂದೂಕು, ಫಿರಂಗಿಗಳೆಲ್ಲ ಸೇರಿ ಸುಮಾರು ಅರವತ್ತು ಲಕ್ಷ ಪೌಂಡು ಗಿಟ್ಟಿದವು. ಶ್ರೀರಂಗಪಟ್ಟಣದ ಕುಶಲಕರ್ಮಿಗಳ ಕೈಚಳಕ ಅಂಥದ್ದು. ಬೆಲೆ ಹೆಚ್ಚಾಯಿತೆಂದು ಯಾರೂ ದೂರಲಾರರು. ಆದರೆ ಗಾಜಿನ ಕಪಾಟು ಸೇರಿದ ಆ ಬಂದೂಕುಗಳಿಗೆ ಇಂದು ಕಿಮ್ಮತ್ತಿದೆಯೇ ಹೊರತು ಮನೆತನವಿಲ್ಲ. ಅತ್ತ ವಿರಾಜಪೇಟೆಯ ಸುತ್ತಿನ ಯಾವುದಾದರೊಂದು ಹಳೆಯ ಐನ್‌ಮನೆಯ ಗೋಡೆಗೆ ಒರಗಿರುವ ಒಂಟಿ ನಳಿಗೆಯ ಕೇಪಿನ ಕೋವಿಯನ್ನು ನೋಡಿ. ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ತುಂಬಿ, ಮೇಲೆ ಕೇಪು ಇಟ್ಟು ಹೊಡೆಯಬೇಕಾದ ಆ ಸಲಕರಣೆಗೆ ಅಂಗಡಿಯಲ್ಲಿ ಹೇಳಿಕೊಳ್ಳುವಂಥ ಬೆಲೆಯೇನೂ ಬಾರದು. ಮಳೆಗಾಲದ ತೇವಕ್ಕೆ ಮದ್ದು ಹಿಡಿದು ಎಷ್ಟೋ ಸಲ ಅದು ಸಿಡಿಯುವುದೂ ಇಲ್ಲ. ಆದರೂ ಕೈಲ್‌ಪೊಳ್ದಿನ ದಿನ ಅದಕ್ಕೆ ಸಲ್ಲುವ ಪೂಜೆ, ಪಕ್ಕದಲ್ಲಿಟ್ಟ ಇಂಗ್ಲೆಂಡಿನ ಜೋಡಿ ನಳಿಗೆಯ ಬಂದೂಕಿಗೆ ಸಲ್ಲುವ ಪೂಜೆಗಿಂತ ಒಂದು ಹೂವಿನಷ್ಟೂ ಕಡಿಮೆಯಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಹಬ್ಬವದು. ದುಡಿಮೆಯ ತಿಂಗಳುಗಳಲ್ಲಿ ಬದಿಗಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಎಣ್ಣೆ ಸವರಿ, ಒರೆಸಿ, ತೋಕ್‌ಪೂವಿನಿಂದ ಸಿಂಗರಿಸುತ್ತಾರೆ. ತೋಕ್ ಎಂದರೆ ಕೋವಿ; ಬೇಲಿಯಂಚಿನಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವಿಗೆ ಕೊಡವ ಭಾಷೆ ಕೋವಿಯ ಹೆಸರನ್ನೇ ಇಟ್ಟಿದೆ. ಪೂಜೆಯಾದ ಬಳಿಕ ಕಡಂಬುಟ್ಟು, ಪಂದಿಕರಿಯ ಊಟ. ಆಮೇಲೆ ಮಂದಿನಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಟೆಲಿಫೋನು ಇಲ್ಲದ ಕಾಲದಲ್ಲಿ ಕಣಿವೆಯಾಚೆಯ ಮನೆಗೆ ಸುದ್ದಿ ಮುಟ್ಟಿಸಿದ್ದು ಆ ಸದ್ದು. ಹುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಒಂದು ಈಡು ಹಾರುತ್ತದೆ. ಇಲ್ಲಿ ಕೋವಿ ಒಕ್ಕದ ಸದಸ್ಯನಂತೆ ಇದೆ. ಮನೆಯ ಹಿರಿಯಜ್ಜನಿಗೆ ಬೆಲೆ ಕಟ್ಟುವವರಿಲ್ಲದಂತೆ ಅದಕ್ಕೂ ಯಾರೂ ಬೆಲೆ ಕಟ್ಟುವುದಿಲ್ಲ.

ದಿಲ್ಲಿಯ ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಇನ್ನೊಂದು ಬಗೆಯ ಹೆಮ್ಮೆಯ ಪರಿಚಯವೂ ಇದೆ. ಉತ್ತರದ ಮದುವೆಗಳಲ್ಲಿ ವರನ ಕಡೆಯವರು ಮೆರವಣಿಗೆಯ ನಡುವೆ ಆಕಾಶಕ್ಕೆ ಗುಂಡು ಹಾರಿಸಿ, ಛಾವಣಿಯ ಮೇಲೆ ನಿಂತು ನೋಡುತ್ತಿದ್ದ ಹೆಂಗಸರೋ ಮಕ್ಕಳೋ ಬಲಿಯಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. 2019ರ ಶಸ್ತ್ರ ತಿದ್ದುಪಡಿ ಕಾಯಿದೆಯು, ಅನ್ಯರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಅಲ್ಲಿ ಬಂದೂಕು ಎಷ್ಟು ದುಬಾರಿಯದು, ಯಾರ ಕೈಯಲ್ಲಿ ಮೆರೆಯಿತು ಎಂಬುದೇ ಪ್ರತಿಷ್ಠೆ. ಕೊಡಗಿನ ಈಡನ್ನೂ ಈ ಮದುವೆಯ ಗುಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಅದೇ ತಿದ್ದುಪಡಿಯು ಲೈಸೆನ್ಸುದಾರನೊಬ್ಬ ಇರಿಸಿಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕಿಳಿಸಿತು ಎಂಬುದನ್ನೂ ಮರೆಯಬಾರದು. ಮಸೂದೆಯಲ್ಲಿ ಮೊದಲಿಗೆ ಇದ್ದದ್ದು ಒಂದೇ. ಆಕ್ಷೇಪಗಳು ಬಂದ ಬಳಿಕ ಎರಡಾಯಿತು. ಮೆರೆಯುವವರ ತಪ್ಪಿಗೆ, ಅಜ್ಜನ ಕೋವಿಯನ್ನು ಸುಮ್ಮನೆ ಕಾಪಾಡಿಕೊಂಡು ಬಂದವರೂ ತೆರ ತೆತ್ತರು.

ಇನ್ನು ಕೊಡಗಿನ ವಿನಾಯಿತಿಯ ಮಾತು. ಇಲ್ಲಿ ನಾನು ಕೊಡವ ಮಿತ್ರರಿಗೆ ರುಚಿಸದ ಒಂದೆರಡು ಸಂಗತಿಗಳನ್ನು ಹೇಳಬೇಕಾಗಿದೆ. ಈ ಹಕ್ಕು ಕಾವೇರಮ್ಮೆಯ ವರವಾಗಿ ಬಂದುದಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. 1837ರಲ್ಲಿ ಅಮರಸುಳ್ಯದ ರೈತರು ದಂಗೆಯೆದ್ದಾಗ ಅದನ್ನು ಅಡಗಿಸಲು ನೆರವಾದ ಕೊಡಗಿನ ಪ್ರಮುಖರಿಗೆ ಕಂಪೆನಿ ಸರಕಾರ ಪದಕಗಳನ್ನು ಕೊಟ್ಟಿತು. 1857ರ ಬಳಿಕ ದೇಶವನ್ನೆಲ್ಲ ನಿಶ್ಶಸ್ತ್ರಗೊಳಿಸುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿರಿಸಿದ. ಅವನು ಮೆಚ್ಚಿದ್ದು ಶೌರ್ಯವನ್ನು ಮಾತ್ರವಲ್ಲ, ನಿಷ್ಠೆಯನ್ನು ಕೂಡ. ಕೋವಿಯ ಮೇಲಿನ ಪ್ರೀತಿ ಕೊಡವನಿಗೆ ಕಬ್ಬನ್ನನಿಗಿಂತ ಹಳೆಯದು. ವಿನಾಯಿತಿಯ ಕಾಗದ ಮಾತ್ರ ಕಬ್ಬನ್ನನದು. ಇವೆರಡನ್ನು ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಹಕ್ಕು ಎಲ್ಲರದಾಗಬಹುದಾಗಿತ್ತು. 1931ರ ಕರಾಚಿ ಕಾಂಗ್ರೆಸ್, ನಿಯಮಗಳಿಗೊಳಪಟ್ಟು ಆಯುಧವಿರಿಸಿಕೊಳ್ಳುವ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ ತಿದ್ದುಪಡಿ ಸೂಚಿಸಿದವರು ಎಚ್. ವಿ. ಕಾಮತರು, ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಆರಿಸಿಹೋದ ನಮ್ಮಂತೆಯೇ ಹೊರನಾಡಿಗರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಒಪ್ಪದಿದ್ದುದೇ ಒಳಿತಾಯಿತೆಂದು ದಿಲ್ಲಿಯ ಮದುವೆಗಳನ್ನು ನೋಡಿದ ಮೇಲೆ ಅನ್ನಿಸದಿರದು.

ಹಾಗಾಗಿ 1959ರ ಶಸ್ತ್ರ ಕಾಯಿದೆಯಡಿ ಉಳಿದುಕೊಂಡದ್ದು ಒಂದು ವಿಶೇಷ ವಿನಾಯಿತಿ ಮಾತ್ರ: ಕೊಡವ ಕುಲದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಹೊರನಾಡಿನ ಓದುಗರು ಗಮನಿಸಬೇಕಾದ ಷರತ್ತೊಂದು ಅದರಲ್ಲಿದೆ: ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಸಂಚರಿಸುವಾಗ ಒಂದು ರೈಫಲ್ಲು, ಅದಕ್ಕೆ ನೂರು ತೋಟೆ, ನಯವಾದ ನಳಿಗೆಯ ಒಂದು ಬಂದೂಕು, ಅದಕ್ಕೆ ಐನೂರು ತೋಟೆ, ಅದಕ್ಕಿಂತ ಹೆಚ್ಚು ಕೂಡದು. ಮುಂಬಯಿಯ ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಐನೂರು ತೋಟೆ ಇಟ್ಟುಕೊಂಡು ಯಾರು ಯಾವ ಹಂದಿಯನ್ನು ಓಡಿಸಬೇಕೋ ತಿಳಿಯದು.

ನ್ಯಾಯಾಲಯದ ತೀರ್ಪನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕುಲ ಎಂಬ ಪದದ ಮೇಲೆ ನಿಂತ ಹಕ್ಕು ಬಹುಕಾಲ ಹೆಮ್ಮೆಗೆ ಆಸರೆಯಾಗಲಾರದು. ಅದೇ ಗದ್ದೆಯಲ್ಲಿ ನಾಟಿ ಮಾಡಿದ, ಅದೇ ಕಾಡಿನಲ್ಲಿ ಬೇಟೆಯ ಜಾಡು ತೋರಿದ ಯರವರಿಗೆ, ಜೇನುಕುರುಬರಿಗೆ ಜಮ್ಮಾ ಭೂಮಿಯಿಲ್ಲ. ಆದ್ದರಿಂದ ಕೋವಿಯ ಹಕ್ಕೂ ಇಲ್ಲ. ಆನೆ ಮೊದಲು ತುಳಿಯುವುದು ಅವರ ಗುಡಿಸಲನ್ನೇ. ಮಲೆನಾಡಿನ ಸಣ್ಣ ಅಡಿಕೆ ಬೆಳೆಗಾರನೂ ಬೆಳೆ ರಕ್ಷಣೆಯ ಲೈಸೆನ್ಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೊಪ್ಪಿಸಿ, ಫಸಲನ್ನು ಮಂಗಗಳಿಗೊಪ್ಪಿಸಿ ಕೂಡುತ್ತಾನೆ. ಇವರ ವಿಷಯವಾಗಿ ಕೊಡವ ಸಂಘಟನೆಗಳು ಒಂದು ಮಾತನ್ನಾಡಿದರೆ ಅವುಗಳ ವಾದಕ್ಕೆ ಬಲ ಬಂದೀತೇ ಹೊರತು ನಷ್ಟವೇನೂ ಇಲ್ಲ.

ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕೋವಿಯ ಮುಖ್ಯ ಉದ್ಯೋಗವೇ ಹೋಯಿತು. ಉಳಿದದ್ದು ಪೂಜೆ, ಪಂದ್ಯ, ಈಡು. ಉದ್ಯೋಗವಿಲ್ಲದ ಆಯುಧ ಮನೆಯಲ್ಲಿದ್ದರೆ ಅದರ ಮೇಲೆ ಕಣ್ಣಿಡುವ ಹೊಣೆ ಹೆಚ್ಚುತ್ತದೆ. ಕುಡಿತದ ಜಗಳದಲ್ಲಿ, ಆಸ್ತಿಯ ವ್ಯಾಜ್ಯದಲ್ಲಿ, ಬೇಸರದ ರಾತ್ರಿಯಲ್ಲಿ ಗೋಡೆಯ ಮೇಲಿನ ಕೋವಿ ಕೆಳಗಿಳಿದ ಸುದ್ದಿಗಳು ಕೊಡಗಿನ ಪತ್ರಿಕೆಗಳಲ್ಲಿ ಅಪರೂಪವಲ್ಲ. ಹಿಂದೆ ಒಕ್ಕದ ಹಿರಿಯನ ಅಪ್ಪಣೆಯಿಲ್ಲದೆ ಮುಟ್ಟದಿದ್ದ ವಸ್ತುವದು. ಇಂದು ಅನೇಕ ಐನ್‌ಮನೆಗಳಲ್ಲಿ ಹಿರಿಯನೊಬ್ಬನೇ ಇದ್ದಾನೆ. ಮಕ್ಕಳು ಬೆಂಗಳೂರು, ಪುಣೆ, ದಿಲ್ಲಿಗಳಲ್ಲಿ.

ಆ ಮಕ್ಕಳಲ್ಲಿ ಹಲವರು ಈ ಪತ್ರಿಕೆಯ ಓದುಗರು. ರಾಜ್ಯೋತ್ಸವದ ವೇದಿಕೆಯ ಮೇಲೆ ಕುಪ್ಯಚೇಲೆ ತೊಟ್ಟು ಬಣ್ಣದ ಕಟ್ಟಿಗೆಯ ಕೋವಿ ಹಿಡಿದು ಕುಣಿಯುವ ಅವರ ಉತ್ಸಾಹಕ್ಕೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಊರಿನ ಮನೆಯ ನಿಜವಾದ ಕೋವಿ ಈಗ ಯಾರ ಹೆಸರಿನಲ್ಲಿದೆ, ಜಿಲ್ಲಾಡಳಿತದಿಂದ ಪಡೆದ ವಿನಾಯಿತಿ ಪತ್ರ ಯಾವ ಪೆಟ್ಟಿಗೆಯಲ್ಲಿದೆ, ತೋಟೆಗಳನ್ನು ಬೇರೆಡೆ ಬೀಗ ಹಾಕಿ ಇಟ್ಟಿದ್ದಾರೆಯೇ, ಕಳೆದ ಕೈಲ್‌ಪೊಳ್ದಿನಲ್ಲಿ ಅದರ ನಳಿಗೆಗೆ ಎಣ್ಣೆ ಹಾಕಿದವರು ಯಾರು ಎಂದು ಕೇಳಿದರೆ ಎಷ್ಟು ಜನ ಉತ್ತರಿಸಬಲ್ಲರು? 2029ಕ್ಕೆ ಮುಂಚೆ ಈ ವಿನಾಯಿತಿಯ ವಿಷಯ ಮತ್ತೆ ಸರಕಾರದ ಮುಂದೆ ಬರಲಿದೆ. ಮನವಿ ಬರೆಯುವವರು ಅಷ್ಟರೊಳಗೆ ಒಮ್ಮೆ ಊರಿಗೆ ಹೋಗಿ ಆ ಕೋವಿಯನ್ನು ಕೈಗೆತ್ತಿಕೊಂಡು, ತೋಟೆಯಿಲ್ಲವೆಂದು ಖಚಿತಮಾಡಿಕೊಂಡು, ತುಕ್ಕು ಹಿಡಿದಿದೆಯೇ ಎಂದು ನೋಡಿ ಬರಲಿ.