ಹೋಮ್ ಥಿಯೇಟರ್‌ನಲ್ಲಿ ಬೇಸ್ ಕಡಿಮೆಯೇ? ಹೊಸ ಸಬ್‌ವೂಫರ್ ಕೊಳ್ಳುವ ಮುನ್ನ ಇದನ್ನು ಓದಿ

‘ಬೇಸ್ ಬರುತ್ತಿಲ್ಲವೆಂದರೆ ವ್ಯಾಟ್ ಸಾಲದು, ದೊಡ್ಡ ಸಬ್‌ವೂಫರ್ ಹಾಕಿಸಿ’ ಎಂಬ ಸಲಹೆಯನ್ನು ನಾವೆಲ್ಲ ಕೇಳಿರುತ್ತೇವೆ. ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಪರೀಕ್ಷೆ ಮಾಡೋಣ. ಹಾಡು ಹಾಕಿ, ಸೋಫಾದಿಂದ ಎದ್ದು ಕೋಣೆಯ ಮೂಲೆಗೆ ಹೋಗಿ ನಿಲ್ಲಿ. ಅಲ್ಲಿ ಬೇಸ್ ಗುಮ್ಮೆಂದರೆ ತಪ್ಪು ಬಹುಪಾಲು ಪೆಟ್ಟಿಗೆಯದಲ್ಲ, ಜಾಗದ್ದು.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಕೋಣೆ ಅದರ ಅರ್ಧದಷ್ಟು, ಅಂದರೆ ಮೂರೂವರೆ ಮೀಟರ್ ಇದ್ದರೆ, ಎದುರುಬದುರು ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಕೋಣೆಯ ನಡುವೆ ಒಂದನ್ನೊಂದು ಅಳಿಸಿಹಾಕುತ್ತವೆ. ಸೋಫಾ ಅಲ್ಲೇ ಇದ್ದರೆ? ವಾಲ್ಯೂಮ್ ಏರಿಸಿದರೂ ಪ್ರಯೋಜನವಿಲ್ಲ. ಅಳಿಸುವ ಅಲೆಯೂ ಅಷ್ಟೇ ಏರುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಗೋಡೆಯಂಚಿನಲ್ಲಿ ಬಗ್ಗಿ ನಡೆಯುತ್ತಾ ಕೇಳಿ. ಬೇಸ್ ಎಲ್ಲಿ ತುಂಬಿ, ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಸ್ಪೀಕರ್ ವೈರುಗಳ ಪ್ಲಸ್-ಮೈನಸ್ ಕೂಡ ನೋಡಿ. ಜೋಡಿಯಲ್ಲಿ ಒಂದು ಉಲ್ಟಾ ಆದರೂ ಬೇಸ್ ಸೊರಗುತ್ತದೆ. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದೂ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೂ ಇಟ್ಟು ನೋಡಿ.

ಇಷ್ಟಾದ ಮೇಲೂ ಸಾಲದಿದ್ದರೆ, ಆಗ ಅಂಗಡಿಗೆ ಹೋಗೋಣ.