ಮೊದಲ ಪಂದ್ಯದ ಸೋಲು

ಪೆನಾಲ್ಟಿ ಗುರುತಿನಿಂದ ಗೋಲಿಗೆ 11 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಚೆಂಡಿಗೆ ಅದು 0.4 ಸೆಕೆಂಡಿನ ದಾರಿ. ಕಣ್ಣು ಕಂಡದ್ದನ್ನು ಮಿದುಳು ಅರಿತು ಕೈಗೆ ಆಜ್ಞೆ ಕೊಡುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಆದ್ದರಿಂದ ಗೋಲ್‌ಕೀಪರ್ ಮೊದಲೇ ಊಹಿಸಬೇಕು. ಊಹೆ ಬರುವುದು ಅಭ್ಯಾಸದಿಂದ.

ಸೋವಿಯತ್ ಒಕ್ಕೂಟದ ಲೆವ್ ಯಾಷಿನ್ ಯುದ್ಧಕಾಲದಲ್ಲಿ ಬಾಲಕನಾಗಿದ್ದಾಗಲೇ ಕಾರ್ಖಾನೆ ಸೇರಿದವನು. 1950ರಲ್ಲಿ ಡೈನಮೋ ಮಾಸ್ಕೋ ಪರ ಆಡಿದ ಮೊದಲ ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್ ದೂರದಿಂದ ಒದ್ದ ಚೆಂಡೇ ಇವನ ಗೋಲಿನೊಳಗೆ ಹೋಯಿತು! ಅವಕಾಶ ಕೈತಪ್ಪಿದಾಗ ಐಸ್ ಹಾಕಿಯಲ್ಲಿ ಗೋಲು ಕಾದ, ಅಭ್ಯಾಸ ಬಿಡಲಿಲ್ಲ. 1956ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ. 1963ರಲ್ಲಿ ಬ್ಯಾಲನ್ ಡಿ'ಓರ್ ಪಡೆದ. ಆ ಪ್ರಶಸ್ತಿ ಪಡೆದ ಗೋಲ್‌ಕೀಪರ್ ಇಂದಿಗೂ ಆತನೊಬ್ಬನೇ.

ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಕ್ಕಳೂ ಅವರ ತಂದೆ-ತಾಯಿಯರೂ ಇದನ್ನು ನೆನಪಿಡಲಿ.