ಸೋಲಿಗರ ಅಜ್ಜನಿಗೆ ನೂರರಲ್ಲಿ ಏಳು ಕಳೆಯಲು ಬರಬೇಕಾ?

ಇವತ್ತು ತಾರೀಕು ಎಷ್ಟು? ನೂರರಲ್ಲಿ ಏಳು ಕಳೆದರೆ ಎಷ್ಟು? ಅದರಲ್ಲಿ ಮತ್ತೆ ಏಳು?

ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇದೆಯಾ ಅಂತ ನೋಡಲು ಬಹಳ ದೇಶಗಳಲ್ಲಿ ಬಳಸುವ ಎಂಎಂಎಸ್‌ಇ ಪರೀಕ್ಷೆಯ ಪ್ರಶ್ನೆಗಳಿವು. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಶಾಲೆಯ ಮುಖ ನೋಡದ ಸೋಲಿಗರ ಅಜ್ಜನಿಗೆ ಇದನ್ನೇ ಕೇಳಿ. ಜೇನು ಯಾವ ಮರಕ್ಕೆ ಯಾವಾಗ ಬರುತ್ತೆ ಅಂತ ಚೆನ್ನಾಗಿ ನೆನಪಿದ್ದರೂ ಫೇಲಾಗ್ತಾರೆ. ನಾನು ಇಂಜಿನಿಯರಿಂಗ್ ಓದಿದವನು. ರೀಡಿಂಗ್ ವಿಚಿತ್ರವಾಗಿ ಬಂದರೆ ಮೊದಲು ಮೀಟರ್ ಚೆಕ್ ಮಾಡು ಅಂತ ಲ್ಯಾಬಿನಲ್ಲಿ ಬೈಯುತ್ತಿದ್ದರು. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಹಾಗೆ ಮಾಡಿದರು: ಓದು ಬಾರದ ಹಳ್ಳಿಗರಿಗಾಗಿ ಈ ಪರೀಕ್ಷೆಯನ್ನೇ ಬದಲಿಸಿದರು.

ಇನ್ನೊಂದು ಕಡೆ, ಕಾಯಿಲೆ ನಿಜಕ್ಕೂ ಇದ್ದಾಗ ನಾವು 'ಅರವತ್ತಕ್ಕೆ ಅರಳು ಮರಳು' ಅಂದು ಸುಮ್ಮನಾಗುತ್ತೇವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ. ಹಳ್ಳಿಯವರಲ್ಲಿ, ಹೆಂಗಸರಲ್ಲಿ, ಓದದವರಲ್ಲಿ ಇನ್ನೂ ಜಾಸ್ತಿ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಸುತ್ತೆ, ಹಳೆಯದು ಉಳಿಯುತ್ತೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮ ಆದಮೇಲೆ ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿ ಕಾಲೊನಿಗಳಿಗೆ ತಂದರು. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅಂಥವರೊಬ್ಬರು ಸಂಜೆ 'ಮನೆಗೆ ಹೋಗ್ಬೇಕು' ಅಂತ ಕಾಡಿನ ಕಡೆ ಹೊರಟರೆ ನರ್ಸಿಂಗ್ ಪಾಠದಲ್ಲಿ ಅದಕ್ಕೆ 'ಅಲೆದಾಟ' ಅಂತ ಹೆಸರು. ಅವರಿಗೆ ದಾರಿ ಗೊತ್ತಿದೆ ಸ್ವಾಮಿ, ಹೋಗಿ ಸೇರಲು ಪೋಡೇ ಇಲ್ಲ. ದಾರಿಯಲ್ಲಿ ಆನೆಯಿದೆ, ಹುಲಿಯಿದೆ, ತಡೆಯಲೇಬೇಕು. ಆದರೆ ಬಾಗಿಲು ಹಾಕಿ ಕೂರಿಸುವುದಕ್ಕೂ, 'ಯಾವ ಪೋಡು ಅಜ್ಜ, ನಿಮ್ಮ ದೇವರ ಕಲ್ಲು ಎಲ್ಲಿತ್ತು' ಅಂತ ಮಾತಿಗೆಳೆದು ನಾಲ್ಕು ಹೆಜ್ಜೆ ಜೊತೆಗೆ ನಡೆದು ವಾಪಸ್ ಕರೆತರುವುದಕ್ಕೂ ವ್ಯತ್ಯಾಸವಿದೆ. ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನ ಜೇನುಕುರುಬರ ಹಾಡಿಗಳಲ್ಲೂ ಇದೇ ಕಥೆ.

ಹೀಗೆ ಮಾತಾಡಬಲ್ಲವರು ಇಲ್ಲೇ ಇದ್ದಾರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟು ಹೆಣ್ಣುಮಕ್ಕಳಿಗೆ ಎಎನ್‌ಎಂ ತರಬೇತಿ ಕೊಡಿಸಿದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುತ್ತಿರುವ ಮೆದುಳು ಆರೋಗ್ಯ ಯೋಜನೆ ಮೊದಲು ಇಂಥವರನ್ನು ಕೂರಿಸಿ, ಪ್ರಶ್ನೆಗಳನ್ನು ಅವರಿಂದಲೇ ಬರೆಸಲಿ. ಸದ್ಯಕ್ಕೆ ಕೇಸ್ ಶೀಟಿನಲ್ಲಿ ಒಂದು ಕಾಲಂ ಸೇರಿಸಿದರೂ ಆದೀತು: ಹುಟ್ಟಿದ ಪೋಡು ಯಾವುದು?